ಸ್ಟಿಕ್ಕರ್ ಮೇಲಿನ 90 ದಿನ: ಅಪ್ಪ ಅಮ್ಮನ ಶೆಂಗೆನ್ ಪ್ರಯಾಣ ಹದಿನಾಲ್ಕು ದಿನ ಮುಂದೆ ಹೋದ ಪ್ರಕರಣ

ವೀಸಾ ಇತ್ತು. ಶೆಂಗೆನ್‌ದು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದ್ದು. ಒಂದು ವರ್ಷದ್ದು, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದಾದದ್ದು. ಪಾಸ್‌ಪೋರ್ಟ್ 2029ರ ತನಕ ಇತ್ತು. ಇನ್ಶೂರೆನ್ಸ್ ಇತ್ತು, ರಿಟರ್ನ್ ಟಿಕೆಟ್ ಇತ್ತು, ಅಕ್ಕ ಬರೆದುಕೊಟ್ಟ ಪತ್ರ ಇತ್ತು. ಆದರೂ 2024ರ ಸೆಪ್ಟೆಂಬರ್ 9ರ ರಾತ್ರಿ ಚೆಕ್-ಇನ್ ಕೌಂಟರ್‌ನಿಂದ ಅಪ್ಪ ಅಮ್ಮ ಸೂಟ್‌ಕೇಸ್ ಸಮೇತ ಮನೆಗೆ ವಾಪಸ್ ಬಂದರು. ಟಿಕೆಟ್ ಬುಕ್ ಮಾಡಿದವನು ನಾನು. ತಪ್ಪು ನನ್ನದೇ.

ಆಮೇಲೆ ಇದನ್ನು ಯಾರ ಹತ್ತಿರ ಹೇಳಿದರೂ, ಅರೆ, ನಮ್ಮ ಅತ್ತೆ ಮಾವನೂ ಹೀಗೇ ಹೋಗಿ ಬಂದಿದ್ದಾರಲ್ಲ, 90 ದಿನ ಅಂದ್ರೆ ಒಂದು ಸಲಕ್ಕೆ 90 ದಿನ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಯಾವುದೇ 180 ದಿನದಲ್ಲಿ ಎಲ್ಲ ಸಲ ಸೇರಿ ಒಟ್ಟು 90 ದಿನ. ಅದಕ್ಕೇ ಇಡೀ ಪ್ರಕರಣವನ್ನು ತಾರೀಖುಗಳ ಸಮೇತ ಬರೆಯುತ್ತಿದ್ದೇನೆ. ತಾರೀಖು ಬಿಟ್ಟು ಹೇಳಿದರೆ ಈ ವಿಷಯ ಅರ್ಥವೇ ಆಗುವುದಿಲ್ಲ.

ಅಕ್ಕ ಭಾವ ಇರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಪ್ಪ ಅಮ್ಮ 2022 ಮತ್ತು 2023ರಲ್ಲಿ ಒಟ್ಟು ಮೂರು ಸಲ ಹೋಗಿ ಬಂದಿದ್ದರು. ಪ್ರತಿ ಸಲ ಎರಡು ಮೂರು ವಾರ, ಅಷ್ಟೇ. ಕೊನೆಯ ಸಲ ಹೋಗಿದ್ದು 2023ರ ಬೇಸಿಗೆಯಲ್ಲಿ. 2024ರ ಫೆಬ್ರವರಿಯಲ್ಲಿ ನಾಲ್ಕನೇ ಸಲ ಅರ್ಜಿ ಹಾಕಿದೆವು. ಆಗ ಶೆಂಗೆನ್ ವೀಸಾ ಶುಲ್ಕ ದೊಡ್ಡವರಿಗೆ 80 ಯೂರೋ. ಅದೇ ವರ್ಷ ಜೂನ್ 11ರಿಂದ 90 ಆಯಿತು. ಹಿಂದಿನ ಎರಡು ವರ್ಷದಲ್ಲಿ ಮೂರು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಒಂದು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಕೊಡಬೇಕು ಅಂತ ಅವರ ವೀಸಾ ನಿಯಮದಲ್ಲೇ ಇದೆ. ಹಾಗೇ ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಇನ್ನು ಒಂದು ವರ್ಷ ವೀಸಾ ಚಿಂತೆ ಇಲ್ಲ ಅಂದುಕೊಂಡೆವು. ಎಡವಿದ್ದು ಅಲ್ಲೇ.

ಪಾಸ್‌ಪೋರ್ಟ್‌ನಲ್ಲಿ ಅಂಟಿಸಿಕೊಡುವ ಆ ವೀಸಾ ಸ್ಟಿಕ್ಕರ್ ಒಮ್ಮೆ ಹತ್ತಿರದಿಂದ ನೋಡಿ. ಮೇಲೆ 'ವ್ಯಾಲಿಡ್ ಫಾರ್', ಮುಂದೆ 'ಶೆಂಗೆನ್ ಸ್ಟೇಟ್ಸ್'. ಅದರ ಕೆಳಗೆ 'ಫ್ರಮ್' 01-04-24, 'ಅಂಟಿಲ್' 31-03-25. ಪಕ್ಕದಲ್ಲಿ ಎಂಟ್ರಿಗಳ ಸಂಖ್ಯೆ, ಅಲ್ಲಿ 'ಮಲ್ಟ್', ಅಂದರೆ ಮಲ್ಟಿಪಲ್. ಇನ್ನೊಂದು ಕಡೆ ಸಣ್ಣದಾಗಿ 'ಡ್ಯುರೇಶನ್ ಆಫ್ ಸ್ಟೇ', 90 ದಿನ. ಒಂದೇ ಅಂಗೈಯಗಲದ ಕಾಗದದಲ್ಲಿ ಮೂರು ಬೇರೆ ಬೇರೆ ಮಾತು. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಈ ಸ್ಟಿಕ್ಕರ್ ಬಳಸಬಹುದು ಅನ್ನುವುದು ಒಂದು. ಎಷ್ಟು ಸಲ ಒಳಗೆ ಹೋಗಬಹುದು ಅನ್ನುವುದು ಇನ್ನೊಂದು. ಒಟ್ಟು ಎಷ್ಟು ದಿನ ಇರಬಹುದು ಅನ್ನುವುದು ಮೂರನೆಯದು. ನಾವು ಮೊದಲೆರಡನ್ನು ಓದಿ ಮೂರನೆಯದನ್ನು ನಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆವು.

ಹಳೆಯ ಸ್ಟಿಕ್ಕರ್‌ಗಳಲ್ಲೂ ಈ ವ್ಯತ್ಯಾಸ ಕಣ್ಣೆದುರೇ ಇತ್ತು. 20 ದಿನದ ಪ್ರವಾಸಕ್ಕೆ ಕೊಟ್ಟ ವೀಸಾದಲ್ಲಿ ಫ್ರಮ್‌ನಿಂದ ಅಂಟಿಲ್‌ಗೆ 35 ದಿನ ಇತ್ತು. ಆ 15 ದಿನ ಹೆಚ್ಚುವರಿಯಾಗಿ ಕೊಡುವುದು ಪ್ರಯಾಣದ ತಾರೀಖು ಸ್ವಲ್ಪ ಹಿಂದೆ ಮುಂದೆ ಆದರೆ ತೊಂದರೆ ಆಗದಿರಲಿ ಅಂತ. ಇರಲು ಬಿಟ್ಟಿದ್ದು 20 ದಿನ ಮಾತ್ರ. ನಾವು 20 ದಿನಕ್ಕೇ ವಾಪಸ್ ಬಂದಿದ್ದರಿಂದ ಅದರ ಬಗ್ಗೆ ಯೋಚನೆಯೇ ಬಂದಿರಲಿಲ್ಲ.

ಮೊದಲ ಪ್ರವಾಸ ಚೆನ್ನಾಗಿ ನಡೆಯಿತು. ಏಪ್ರಿಲ್ 4ರ ರಾತ್ರಿ ಮನೆ ಬಿಟ್ಟರು, 5ರ ಬೆಳಿಗ್ಗೆ ಮ್ಯೂನಿಕ್‌ನಲ್ಲಿ ಇಳಿದರು. ಜೂನ್ 23ರ ರಾತ್ರಿ ಅಲ್ಲಿಂದ ಹೊರಟು 24ಕ್ಕೆ ಮನೆಗೆ ಬಂದರು. ಲೆಕ್ಕಕ್ಕೆ ಬರುವುದು ಮನೆ ಬಿಟ್ಟ ದಿನ ಅಲ್ಲ, ಮನೆ ಸೇರಿದ ದಿನವೂ ಅಲ್ಲ. ಅವರ ಗಡಿ ದಾಟಿ ಒಳಗೆ ಹೋದ ದಿನ ಮತ್ತು ಹೊರಗೆ ಬಂದ ದಿನ. ಎರಡೂ ಪೂರ್ತಿ ದಿನವಾಗಿ ಲೆಕ್ಕಕ್ಕೆ ಸೇರುತ್ತವೆ. ಏಪ್ರಿಲ್‌ನಲ್ಲಿ 26, ಮೇನಲ್ಲಿ 31, ಜೂನ್‌ನಲ್ಲಿ 23. ಒಟ್ಟು 80 ದಿನ.

ಜುಲೈನಲ್ಲಿ ಅಕ್ಕ ಫೋನ್ ಮಾಡಿ, ಹೆರಿಗೆಗೆ ಡಾಕ್ಟರ್ ಕೊಟ್ಟ ತಾರೀಖು ಅಕ್ಟೋಬರ್ 6, ಅದಕ್ಕೆ ಒಂದು ತಿಂಗಳು ಮುಂಚೆಯೇ ಅಮ್ಮ ಬಂದರೆ ಧೈರ್ಯ ಅಂದಳು. ಬೇಸಿಗೆಯಲ್ಲೇ ಅಪ್ಪ ಅಮ್ಮ ಅಲ್ಲಿದ್ದಾಗ ವಿಷಯ ಗೊತ್ತಾಗಿತ್ತು. ಆದರೆ ಆಗ ಮತ್ತೆ ಬರುವ ಲೆಕ್ಕ ಯಾರೂ ಹಾಕಿರಲಿಲ್ಲ. ಸೆಪ್ಟೆಂಬರ್ 10ಕ್ಕೆ ಇಳಿದು ನವೆಂಬರ್ 8ಕ್ಕೆ ಹೊರಡುವ ಹಾಗೆ ಬುಕ್ ಮಾಡಿದೆ. 60 ದಿನ. 90ಕ್ಕಿಂತ ಕಡಿಮೆ ಇದೆ, ವೀಸಾ ಮಾರ್ಚ್ ತನಕ ಇದೆ. ಮುಗಿಯಿತು ಅಂದುಕೊಂಡೆ.

ನಾನು ಏನೂ ನೋಡದೆ ಬುಕ್ ಮಾಡಿದೆ ಅಂತಲ್ಲ. ಅಲ್ಲಿಂದ ವಾಪಸ್ ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಜೀವಂತ ಇರಬೇಕು, ಅದು ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು, ಎರಡನ್ನೂ ನೋಡಿದ್ದೆ. ಮಲ್ಟಿಪಲ್ ಎಂಟ್ರಿ ವೀಸಾಕ್ಕೆ ಅರ್ಜಿ ಹಾಕುವಾಗ ಮೊದಲ ಪ್ರವಾಸದ ಇನ್ಶೂರೆನ್ಸ್ ತೋರಿಸಿದರೆ ಸಾಕು, ಆದರೆ ಆಮೇಲಿನ ಪ್ರತಿ ಪ್ರವಾಸಕ್ಕೂ ಮಾಡಿಸಿಕೊಳ್ಳುತ್ತೇವೆ ಅಂತ ಅರ್ಜಿಯಲ್ಲೇ ಸಹಿ ಹಾಕಿರುತ್ತೇವೆ. ಅದೂ ನೆನಪಿತ್ತು. ಕನಿಷ್ಠ 30,000 ಯೂರೋ ಕವರ್ ಇರುವುದನ್ನೇ ತೆಗೆದುಕೊಂಡಿದ್ದೆ. ಇಷ್ಟೆಲ್ಲಾ ಮಾಡಿದವನು ಹಿಂದಿನ ಪ್ರವಾಸದ ದಿನಗಳನ್ನು ಮಾತ್ರ ಕೂಡಿಸಿ ನೋಡಲಿಲ್ಲ. ಟಿಕೆಟ್ ಬುಕ್ ಮಾಡುವ ಕಡೆ ಯಾರೂ ಅದನ್ನು ಕೇಳುವುದಿಲ್ಲ. ಇನ್ಶೂರೆನ್ಸ್ ಕೊಡುವವರೂ ಕೇಳುವುದಿಲ್ಲ.

ಕೇಳಿದ್ದು ಕೌಂಟರ್‌ನಲ್ಲಿದ್ದ ಹುಡುಗಿ. ರಾತ್ರಿ ಹನ್ನೊಂದು ಗಂಟೆ ಇರಬಹುದು. ಸೂಟ್‌ಕೇಸ್ ಆಗಲೇ ತೂಕದ ಬೆಲ್ಟ್ ಮೇಲೆ ಇತ್ತು. ಅಪ್ಪನ ಪಾಸ್‌ಪೋರ್ಟ್ ಪುಟ ತಿರುವುತ್ತಾ ಇದ್ದವರು ಒಂದು ಪುಟದಲ್ಲಿ ನಿಂತರು.

"ಸರ್, ಈ ವರ್ಷ ಒಂದು ಸಲ ಹೋಗಿ ಬಂದಿದ್ದೀರಲ್ಲ?"

"ಹೌದಮ್ಮಾ, ಏಪ್ರಿಲ್‌ನಲ್ಲಿ ಹೋಗಿ ಜೂನ್‌ನಲ್ಲಿ ಬಂದ್ವಿ. ಮಗಳಿದ್ದಾಳೆ ಅಲ್ಲಿ."

ಅವರು ಕಂಪ್ಯೂಟರ್‌ನಲ್ಲಿ ಏನೋ ಟೈಪ್ ಮಾಡಿದರು. ಪಕ್ಕದವರನ್ನು ಕರೆದರು. ಇಬ್ಬರೂ ಸೇರಿ ಇನ್ನೊಂದು ಸಲ ಟೈಪ್ ಮಾಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಸರ್, ನಿಮಗೆ ಉಳಿದಿರೋದು ಹತ್ತೇ ದಿನ. ಸೆಪ್ಟೆಂಬರ್ 19ಕ್ಕೆ ವಾಪಸ್ ಬರ್ಬೇಕು. ಟಿಕೆಟ್ ನವೆಂಬರ್ 8ಕ್ಕೆ ಇದೆಯಲ್ಲ. ಹೀಗೆ ಕಳಿಸೋಕೆ ಆಗಲ್ಲ."

ನಾನು ಹೊರಗೆ ಗಾಜಿನ ಆಚೆ ನಿಂತಿದ್ದೆ. ಅಪ್ಪ ಫೋನ್ ಮಾಡಿದಾಗ ಮೊದಲು ನನಗೆ ಬಂದದ್ದು ಕೋಪ. ವೀಸಾ ಇದ್ದವರನ್ನು ತಡೆಯಲು ಇವರು ಯಾರು ಅಂತ. ಈಗ ಆ ಇಬ್ಬರ ಬಗ್ಗೆ ನನಗೆ ಕೃತಜ್ಞತೆ ಮಾತ್ರ ಇದೆ. ಒಳಗೆ ಬಿಡಲಾಗದ ಪ್ರಯಾಣಿಕರನ್ನು ಕರೆದುಕೊಂಡು ಹೋದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದು. ದಾಖಲೆ ಸರಿ ಇಲ್ಲದಿದ್ದರೆ ಒಬ್ಬೊಬ್ಬರಿಗೆ ಸಾವಿರಾರು ಯೂರೋ ದಂಡವೂ ಬೀಳುತ್ತದೆ. ಹಾಗಾಗಿ ಅವರು ನೋಡುತ್ತಾರೆ. ಎಲ್ಲ ಸಲ ಇಷ್ಟು ಆಳವಾಗಿ ನೋಡುವುದಿಲ್ಲ, ನಮ್ಮ ಪುಣ್ಯಕ್ಕೆ ಅವತ್ತು ನೋಡಿದರು. ಅವರು ನೋಡದೆ ಬಿಟ್ಟಿದ್ದರೆ ಮ್ಯೂನಿಕ್‌ನ ಗಡಿ ಪೊಲೀಸರು ನೋಡುತ್ತಿದ್ದರು. ಅಲ್ಲಿ ಒಳಗೆ ಬಿಡದಿದ್ದರೆ ಕೈಗೆ ಒಂದು ಫಾರಂ ಕೊಡುತ್ತಾರೆ. ಕಾರಣಗಳ ಪಟ್ಟಿ ಅದರಲ್ಲಿ ಅಚ್ಚಾಗಿಯೇ ಇರುತ್ತದೆ, 180 ದಿನದಲ್ಲಿ 90 ದಿನ ಆಗಲೇ ಇದ್ದು ಮುಗಿದಿದೆ ಅನ್ನುವುದೂ ಅದರಲ್ಲಿ ಒಂದು. ಯಾರೂ ನೋಡದೆ ಹೋಗಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ನವೆಂಬರ್‌ನಲ್ಲಿ ಹೊರಡುವಾಗ ಸಿಕ್ಕಿಬೀಳುತ್ತಿದ್ದರು. ದಂಡ, ಪ್ರವೇಶ ನಿಷೇಧ, ಮುಂದಿನ ವೀಸಾಕ್ಕೆ ಕುತ್ತು. ಎಪ್ಪತ್ತರ ಹತ್ತಿರ ಬಂದ ಇಬ್ಬರು, ಜೀವನದಲ್ಲಿ ಒಂದು ನಿಯಮ ಮುರಿಯದವರು, ಮಗನ ಲೆಕ್ಕ ತಪ್ಪಿದ್ದಕ್ಕೆ ಅದನ್ನೆಲ್ಲ ಅನುಭವಿಸಬೇಕಾಗುತ್ತಿತ್ತು.

ಮನೆಗೆ ಬಂದಾಗ ರಾತ್ರಿ ಒಂದೂವರೆ. ಅಮ್ಮ ಸೀರೆ ಕೂಡ ಬದಲಾಯಿಸದೆ ಸೋಫಾ ಮೇಲೆ ಕೂತು, "ಮಗು ಹುಟ್ಟೋ ಹೊತ್ತಿಗಾದ್ರೂ ಹೋಗೋಕಾಗುತ್ತಾ ನೋಡು" ಅಂದಳು. ಅಷ್ಟೇ ಅಂದಿದ್ದು.

ಅವತ್ತು ರಾತ್ರಿಯಿಂದ ಮಾರನೇ ದಿನ ಸಂಜೆ ತನಕ ಬಂದ ಸಲಹೆಗಳಿಗೆ ಲೆಕ್ಕ ಇಲ್ಲ. ಅವುಗಳಲ್ಲಿ ಕೆಲವನ್ನು ಬರೆಯಲೇಬೇಕು, ಯಾಕೆಂದರೆ ಈ ಪರಿಸ್ಥಿತಿಗೆ ಬಂದ ಎಲ್ಲರಿಗೂ ಇವೇ ಸಲಹೆ ಸಿಗುತ್ತವೆ.

ಭಾವನ ಗೆಳೆಯರೊಬ್ಬರು, ಸುಮ್ನೆ ಹೋಗಿಬಿಡಲಿ, ಅಲ್ಲಿ ಹೋಗಿ ಎಕ್ಸ್‌ಟೆನ್ಶನ್ ಹಾಕಿದರಾಯಿತು ಅಂದರು. ಎಕ್ಸ್‌ಟೆನ್ಶನ್ ಅನ್ನುವುದು ಇದೆ, ನಿಜ. ಯುದ್ಧ, ವಿಮಾನ ಬಂದ್, ಆಸ್ಪತ್ರೆ ಸೇರಿದ್ದು, ಇಂಥ ಕಾರಣಕ್ಕೆ ಹೊರಡಲಾಗದಿದ್ದರೆ ಶುಲ್ಕ ಇಲ್ಲದೆ ಕೊಡುತ್ತಾರೆ. ಗಂಭೀರವಾದ ಸ್ವಂತ ಕಾರಣ ಇದ್ದರೆ 30 ಯೂರೋ ಕಟ್ಟಿಸಿಕೊಂಡು ಕೊಡಬಹುದು. ಆದರೆ ಅದು ಅಲ್ಲಿಗೆ ಹೋದ ಮೇಲೆ ಬಂದೊದಗಿದ ಕಷ್ಟಕ್ಕೆ. ಹೆರಿಗೆ ತಾರೀಖು ಮೂರು ತಿಂಗಳ ಮೊದಲೇ ಗೊತ್ತಿತ್ತು. ಅದನ್ನು ನಂಬಿಕೊಂಡು ವಿಮಾನ ಹತ್ತಿಸುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಬ್ಬರು, ಮಧ್ಯದಲ್ಲಿ ಎರಡು ದಿನ ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಅಂದರು. ಇದು ಎರಡು ರೀತಿಯಲ್ಲಿ ತಪ್ಪು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಶೆಂಗೆನ್‌ನಲ್ಲಿ ಇದೆ. ಐರ್ಲೆಂಡ್ ಉಲ್ಟಾ, ಯೂನಿಯನ್‌ನಲ್ಲಿದೆ, ಶೆಂಗೆನ್‌ನಲ್ಲಿ ಇಲ್ಲ. ಕ್ರೊಯೇಷಿಯಾ 2023ರ ಜನವರಿ 1ಕ್ಕೆ ಶೆಂಗೆನ್ ಒಳಗೆ ಬಂತು. ರೊಮೇನಿಯಾ, ಬಲ್ಗೇರಿಯಾ 2024ರ ಮಾರ್ಚ್ 31ಕ್ಕೆ ಬಂದವು, ಆಗ ವಿಮಾನ ಮತ್ತು ಹಡಗಿನ ಗಡಿಗೆ ಮಾತ್ರ. ರಸ್ತೆ, ರೈಲು ಗಡಿಯ ತಪಾಸಣೆ ಹೋಗಿದ್ದು 2025ರ ಜನವರಿ 1ಕ್ಕೆ. ಹೀಗೆ ಒಟ್ಟು 29 ದೇಶ, ಎಲ್ಲದಕ್ಕೂ ಸೇರಿ ಒಂದೇ ಲೆಕ್ಕ. ಎರಡನೆಯದಾಗಿ, ನಿಜವಾಗಿ ಹೊರಗಿನ ದೇಶಕ್ಕೇ ಹೋದರೂ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಹೊರಗಿದ್ದ ದಿನ ಲೆಕ್ಕಕ್ಕೆ ಸೇರುವುದಿಲ್ಲ, ಅಷ್ಟೇ. ಹಳೆಯ ದಿನಗಳು ಹಾಗೇ ಕೂತಿರುತ್ತವೆ.

ನ್ಯಾಷನಲ್ ವೀಸಾ, ಅಂದರೆ ಡಿ ವೀಸಾ ಹಾಕಿ ಅಂತಲೂ ಒಬ್ಬರು ಹೇಳಿದರು. ಡಿ ವೀಸಾದಲ್ಲಿ ಇದ್ದ ದಿನಗಳು ಈ 90ರಲ್ಲಿ ಸೇರುವುದಿಲ್ಲ ಅನ್ನುವುದು ಸರಿಯಾದ ಮಾತು. ಆದರೆ ಅದು ಓದಲು, ಕೆಲಸಕ್ಕೆ, ಕುಟುಂಬ ಸೇರಲು ಹೋಗುವವರಿಗೆ. ಮೊಮ್ಮಗುವನ್ನು ನೋಡಿ ವಾಪಸ್ ಬರುವವರಿಗೆ ಮಾಡಿದ ದಾರಿ ಅಲ್ಲ. ಸಮಯವೂ ಇರಲಿಲ್ಲ.

ಚಿಕ್ಕಪ್ಪನ ಸಲಹೆ ಬೇರೆ ಥರ ಇತ್ತು. ಅವರು 2009ರ ಸುಮಾರಿಗೆ ಕೆಲಸದ ಮೇಲೆ ಜಾಸ್ತಿ ಓಡಾಡಿದವರು. "ಮೊದಲ ಸಲ ಇಳಿದ ದಿನದಿಂದ ಆರು ತಿಂಗಳು ಎಣಿಸು, ಅದು ಮುಗಿಯೋ ತನಕ ಕಾಯಿರಿ, ಅಕ್ಟೋಬರ್ 5ಕ್ಕೆ ಹೊಸ ಆರು ತಿಂಗಳು ಶುರು" ಅಂದರು. ಇದು ಬಾಯಿಗೆ ಬಂದ ಮಾತಲ್ಲ. ಆಗಿನ ನಿಯಮ ಹಾಗೇ ಇತ್ತು. ಮೊದಲ ಪ್ರವೇಶದಿಂದ ಆರು ತಿಂಗಳ ಒಂದು ಅವಧಿ, ಅದರಲ್ಲಿ ಮೂರು ತಿಂಗಳು. 2013ರ ಅಕ್ಟೋಬರ್ 18ರಿಂದ ಅದು ಬದಲಾಯಿತು. ಈಗ 'ಯಾವುದೇ 180 ದಿನದಲ್ಲಿ 90 ದಿನ'. ಹಳೆಯ ನಿಯಮದಲ್ಲಿ ಓಡಾಡಿದವರು ಮನೆಮನೆಯಲ್ಲಿ ಇದ್ದಾರೆ, ಅವರ ಅನುಭವ ನಿಜ, ಆದರೆ ಲೆಕ್ಕ ಹಳೆಯದು. ಈ ಗೊಂದಲ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಚಿಕ್ಕಪ್ಪನ ಮಾತು ಕೇಳಿದ್ದರೆ ಅಕ್ಟೋಬರ್ 5ಕ್ಕೆ ಹೋಗಬೇಕಿತ್ತು. ಹೆರಿಗೆಗೆ ಕೊಟ್ಟ ತಾರೀಖಿನ ಹಿಂದಿನ ದಿನ. ಅಮ್ಮನಿಗೆ ಅದು ಬೇಡ. ಹಾಗಾಗಿ ಹೊಸ ನಿಯಮವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲೇಬೇಕಾಯಿತು.

ಚೌಕದ ಹಾಳೆ

ಯುರೋಪಿಯನ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಒಂದು ಕ್ಯಾಲ್ಕುಲೇಟರ್ ಇದೆ. ಹಿಂದಿನ ಪ್ರವೇಶ, ನಿರ್ಗಮನದ ತಾರೀಖು ಕೊಟ್ಟರೆ ಎಷ್ಟು ದಿನ ಉಳಿದಿದೆ ಅಂತ ಹೇಳುತ್ತದೆ. ಅದರಲ್ಲಿ ಹಾಕಿದೆ, ಸೆಪ್ಟೆಂಬರ್ 10ಕ್ಕೆ 10 ದಿನ ಅಂತ ಬಂತು. ಕೌಂಟರ್‌ನವರು ಹೇಳಿದ್ದೇ. ಆದರೆ ಯಾಕೆ ಅಂತ ತಲೆಗೆ ಹೋಗಲಿಲ್ಲ. ಕೊನೆಗೆ ಮನೆಯಲ್ಲಿದ್ದ ಒಂದು ಹಳೆಯ ಲೆಕ್ಕದ ಪುಸ್ತಕದಿಂದ ಚೌಕದ ಹಾಳೆಗಳನ್ನು ಹರಿದು, ಒಂದಕ್ಕೊಂದು ಅಂಟಿಸಿ ಉದ್ದ ಪಟ್ಟಿ ಮಾಡಿದೆ. ಒಂದು ದಿನಕ್ಕೆ ಒಂದು ಚೌಕ. ಮಾರ್ಚ್ 1ರಿಂದ ಡಿಸೆಂಬರ್ 31ರ ತನಕ. ಅದರಲ್ಲಿ ಏಪ್ರಿಲ್ 5ರಿಂದ ಜೂನ್ 23ರ ತನಕ 80 ಚೌಕಕ್ಕೆ ನೀಲಿ ಪೆನ್ಸಿಲ್ ತಿಕ್ಕಿದೆ. ಇನ್ನೊಂದು ಕಾಗದದಲ್ಲಿ ಸರಿಯಾಗಿ 180 ಚೌಕದಷ್ಟು ಉದ್ದದ ಪಟ್ಟಿ ಕತ್ತರಿಸಿಕೊಂಡೆ.

ಈ 180ರ ಪಟ್ಟಿಯ ಬಲತುದಿಯನ್ನು ನೀವು ಅಲ್ಲಿರುವ ದಿನದ ಮೇಲೆ ಇಡಬೇಕು. ಪಟ್ಟಿಯ ಕೆಳಗೆ ಎಷ್ಟು ಬಣ್ಣದ ಚೌಕ ಬಂತು ಎಣಿಸಬೇಕು. 90 ದಾಟಬಾರದು. ಮಾರನೇ ದಿನ ಪಟ್ಟಿಯನ್ನು ಒಂದು ಚೌಕ ಬಲಕ್ಕೆ ಸರಿಸಬೇಕು, ಮತ್ತೆ ಎಣಿಸಬೇಕು. ಅಲ್ಲಿರುವ ಪ್ರತಿಯೊಂದು ದಿನವೂ ಹೀಗೆ ಹಿಂದಕ್ಕೆ ತಿರುಗಿ ನೋಡಿದಾಗ ಲೆಕ್ಕ 90ರ ಒಳಗೇ ಇರಬೇಕು. ನಿಯಮ ಇಷ್ಟೇ.

ಸೆಪ್ಟೆಂಬರ್ 10ರ ಮೇಲೆ ಬಲತುದಿ ಇಟ್ಟರೆ ಎಡತುದಿ ಮಾರ್ಚ್ 15ಕ್ಕೆ ಬರುತ್ತದೆ. ಇಡೀ 80 ನೀಲಿ ಚೌಕ ಕೆಳಗೇ ಇವೆ. ಹಾಗಾಗಿ 10 ಮಾತ್ರ ಬಾಕಿ. ಸೆಪ್ಟೆಂಬರ್ 19ಕ್ಕೆ 90 ತುಂಬುತ್ತದೆ, 20ಕ್ಕೆ 91. ಆಗಿನ್ನೂ ಏಪ್ರಿಲ್ 5ರ ಚೌಕ ಪಟ್ಟಿಯಿಂದ ಹೊರಗೆ ಹೋಗಿಲ್ಲ. ಅದು ಹೊರಗೆ ಹೋಗುವುದು ಅಕ್ಟೋಬರ್ 2ಕ್ಕೆ. ಅವತ್ತಿನಿಂದ ಪಟ್ಟಿ ಒಂದೊಂದು ಚೌಕ ಸರಿದ ಹಾಗೆ ಎಡಗಡೆಯಿಂದ ಒಂದು ಹಳೆಯ ದಿನ ಉದುರುತ್ತದೆ, ಬಲಗಡೆ ಒಂದು ಹೊಸ ದಿನ ಸೇರುತ್ತದೆ. ಒಟ್ಟು ಲೆಕ್ಕ ಅಲ್ಲಾಡುವುದಿಲ್ಲ.

ಇದು ಕಂಡ ಕ್ಷಣ ನಾನು ಅಪ್ಪನನ್ನು ಎಬ್ಬಿಸಿದೆ. ಯಾಕೆಂದರೆ ಅಕ್ಟೋಬರ್ 1ರ ತನಕ 10 ದಿನ ಮೀರದಿದ್ದರೆ ಸಾಕು, ಆಮೇಲೆ ತೊಂದರೆಯೇ ಇಲ್ಲ. ಅಕ್ಟೋಬರ್ 1ರಿಂದ ಹಿಂದಕ್ಕೆ 10 ದಿನ ಎಣಿಸಿದರೆ ಸೆಪ್ಟೆಂಬರ್ 22. ಅವತ್ತು ಇಳಿದರೆ ಅಕ್ಟೋಬರ್ 1ಕ್ಕೆ ಸರಿಯಾಗಿ 90. 2ಕ್ಕೂ 90. ನವೆಂಬರ್‌ನಲ್ಲೂ 90. ಡಿಸೆಂಬರ್ 20ರ ತನಕ ಇರಬಹುದು, ಆ ಹೊತ್ತಿಗೆ ಮೊದಲ ಪ್ರವಾಸದ ಎಲ್ಲ ದಿನ ಉದುರಿ ಹೋಗಿ ಎರಡನೇ ಪ್ರವಾಸದ್ದೇ 90 ಆಗಿರುತ್ತದೆ.

ಸೆಪ್ಟೆಂಬರ್ 10ಕ್ಕೆ ಇಳಿದರೆ 10 ದಿನ. ಸೆಪ್ಟೆಂಬರ್ 22ಕ್ಕೆ ಇಳಿದರೆ 90 ದಿನ. ಅದೇ ವೀಸಾ, ಅದೇ ಪಾಸ್‌ಪೋರ್ಟ್. ಮಧ್ಯೆ ಇರುವುದು ಹನ್ನೆರಡು ದಿನ. ಅಪ್ಪನಿಗೆ ಪಟ್ಟಿ ಸರಿಸಿ ತೋರಿಸಿದೆ, ಅವರು ಕನ್ನಡಕ ಹಾಕಿಕೊಂಡು ತಾವೇ ಎರಡು ಸಲ ಸರಿಸಿ ನೋಡಿದರು, ಆಮೇಲೆ ಅಮ್ಮನನ್ನು ಕರೆದರು.

ಕ್ಯಾಲ್ಕುಲೇಟರ್‌ನಲ್ಲೂ ಹಾಕಿ ನೋಡಿದೆ. ಸರಿ ಬಂತು. ಅಪ್ಪನದೂ ಅಮ್ಮನದೂ ಬೇರೆ ಬೇರೆಯಾಗಿ ಹಾಕಿದೆ, ಲೆಕ್ಕ ಪಾಸ್‌ಪೋರ್ಟ್‌ಗೊಂದು. ಇಬ್ಬರೂ ಜೊತೆಗೆ ಹೋಗಿ ಜೊತೆಗೆ ಬಂದಿದ್ದರಿಂದ ಒಂದೇ ಉತ್ತರ ಬಂತು. ತಾರೀಖುಗಳನ್ನು ನೆನಪಿನಿಂದ ಹಾಕಲಿಲ್ಲ, ಮುದ್ರೆ ನೋಡಿ ಹಾಕಿದೆ. ಶೆಂಗೆನ್ ಮುದ್ರೆ ಓದುವುದು ಕಷ್ಟ ಅಲ್ಲ. ಒಳಗೆ ಹೋದದ್ದು ಚೂಪು ಮೂಲೆಯ ಚೌಕ, ಹೊರಗೆ ಬಂದದ್ದು ದುಂಡು ಮೂಲೆಯ ಚೌಕ. ಎಡಗಡೆ ಮೇಲೆ ನಕ್ಷತ್ರಗಳ ಮಧ್ಯೆ ದೇಶದ ಅಕ್ಷರ, ಮಧ್ಯದಲ್ಲಿ ತಾರೀಖು, ಬಲಗಡೆ ಬಾಣ ಮತ್ತು ಒಂದು ಪುಟ್ಟ ವಿಮಾನ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಜೂನ್ 23ರ ಮುದ್ರೆ ಅರ್ಧ ಮಸುಕಾಗಿತ್ತು, 23 ಅನ್ನುವುದು 28ರ ಹಾಗೆ ಕಾಣುತ್ತಿತ್ತು. ಯಾರಾದರೂ 28 ಅಂತ ಓದಿದರೆ ಐದು ದಿನ ಜಾಸ್ತಿ ಆಗಿ ಮತ್ತೆ ಗಂಟು ಬೀಳುತ್ತದೆ. ಪುಣ್ಯಕ್ಕೆ ಜೂನ್‌ನ ಬೋರ್ಡಿಂಗ್ ಪಾಸ್ ಬ್ಯಾಗಿನ ಜೇಬಿನಲ್ಲೇ ಉಳಿದಿತ್ತು. ಮುದ್ರೆ ಇಲ್ಲದಿದ್ದರೆ ಅಥವಾ ಅನುಮಾನ ಬಂದರೆ ಇಂಥ ಕಾಗದ ತೋರಿಸಿ ಸಾಬೀತು ಮಾಡಲು ಅವರ ಗಡಿ ನಿಯಮದಲ್ಲಿ ಅವಕಾಶ ಇದೆ. ಅದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಪಾಸ್‌ಪೋರ್ಟ್ ಜೊತೆ ಇಟ್ಟೆವು.

ಇನ್ನು ಟಿಕೆಟ್. ಇಲ್ಲಿ ಇನ್ನೊಂದು ಬಲೆ ಇತ್ತು. 21ರ ಸಂಜೆ ಹೊರಟು ಅದೇ ರಾತ್ರಿ ಹನ್ನೊಂದೂವರೆಗೆ ಇಳಿಯುವ ವಿಮಾನ ಒಂದು ಕಡಿಮೆ ಬೆಲೆಗೆ ಸಿಗುತ್ತಿತ್ತು. ಹೊರಗೆ ಬರುವ ಹೊತ್ತಿಗೆ 22 ಆಗಿರುತ್ತದೆ ಬಿಡು ಅಂದ ಭಾವ. ಆದರೆ ಸಾಲು ಚಿಕ್ಕದಿದ್ದು ಹನ್ನೊಂದು ಐವತ್ತಕ್ಕೇ ಮುದ್ರೆ ಒತ್ತಿದರೆ? ಆ ಹತ್ತು ನಿಮಿಷ ಒಂದು ಪೂರ್ತಿ ದಿನ. ಆಗ ಅಕ್ಟೋಬರ್ 1ಕ್ಕೆ 91 ಆಗುತ್ತದೆ, ಆಮೇಲೂ ದಿನಾ 91 ಆಗಿಯೇ ಉಳಿಯುತ್ತದೆ. ಹೋಗುವ ವಿಮಾನ ತಡವಾದರೆ ಚಿಂತೆ ಇಲ್ಲ, ಲೆಕ್ಕ ನಮ್ಮ ಕಡೆಗೇ ವಾಲುತ್ತದೆ. ಬೇಗ ಇಳಿಯುವುದೇ ಅಪಾಯ. ಬರುವಾಗ ಇದರ ಉಲ್ಟಾ. ಹಾಗಾಗಿ ಎರಡು ದಿನ ಕೈಯಲ್ಲಿರಲಿ ಅಂತ ಸೆಪ್ಟೆಂಬರ್ 24ರ ಬೆಳಿಗ್ಗೆ ಇಳಿಯುವುದನ್ನು ಆರಿಸಿದೆವು. ವಾಪಸ್ ನವೆಂಬರ್ 22. ಮತ್ತೆ 60 ದಿನವೇ. ಎಣಿಕೆ ಯಾವ ದಿನವೂ 88 ದಾಟುವುದಿಲ್ಲ.

ಟಿಕೆಟ್ ಬದಲಾಯಿಸಿದ್ದಕ್ಕೆ ದುಡ್ಡು ಹೋಯಿತು. ಇನ್ಶೂರೆನ್ಸ್ ತಾರೀಖೂ ಬದಲಾಯಿಸಬೇಕಾಯಿತು. ಇದನ್ನು ಮರೆತುಬಿಡುವವರು ತುಂಬಾ ಜನ. ಹಳೆಯ ಪಾಲಿಸಿ ನವೆಂಬರ್ 8ಕ್ಕೆ ಮುಗಿಯುತ್ತಿತ್ತು, ಹಾಗೇ ಬಿಟ್ಟಿದ್ದರೆ ಕೊನೆಯ ಎರಡು ವಾರ ಏನೂ ಇಲ್ಲದೆ ಇರಬೇಕಿತ್ತು. ಅಕ್ಕನೂ ಪತ್ರವನ್ನು ಹೊಸ ತಾರೀಖು ಹಾಕಿ ಮತ್ತೆ ಬರೆದುಕೊಟ್ಟಳು.

ಫೋನಿನಲ್ಲಿ ಅವಳು ಒಂದೇ ಮಾತು ಕೇಳಿದ್ದು. "ಈ ಸಲ ಗ್ಯಾರಂಟೀನಾ ಕಣೋ?" ನಾನು ಚೌಕದ ಹಾಳೆಯ ಫೋಟೋ ಕಳಿಸಿದೆ.

ಚೆಕ್-ಇನ್‌ನಲ್ಲಿ ಈ ಸಲ ಯಾರೂ ಏನೂ ಕೇಳಲಿಲ್ಲ. ಮ್ಯೂನಿಕ್‌ನ ಗಡಿ ಕೌಂಟರ್‌ನಲ್ಲಿ ಕೇಳಿದರು. ಅಪ್ಪ ಆಮೇಲೆ ಹೇಳಿದ ಪ್ರಕಾರ, ಅಧಿಕಾರಿ ಏಪ್ರಿಲ್ ಮುದ್ರೆ ನೋಡಿದರು, ಜೂನ್ ಮುದ್ರೆ ಹುಡುಕಿದರು, ಅಮ್ಮನ ಪಾಸ್‌ಪೋರ್ಟ್‌ನ ಮಸುಕು ಮುದ್ರೆಯನ್ನು ಬೆಳಕಿಗೆ ಹಿಡಿದರು. ಅಪ್ಪ ಬೋರ್ಡಿಂಗ್ ಪಾಸ್, ಕ್ಯಾಲ್ಕುಲೇಟರ್‌ನ ಪ್ರಿಂಟ್, ರಿಟರ್ನ್ ಟಿಕೆಟ್ ಮೂರನ್ನೂ ಒಟ್ಟಿಗೆ ಮುಂದಿಟ್ಟರು. ಅಧಿಕಾರಿ ತಮ್ಮ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ, ನವೆಂಬರ್ 22ಕ್ಕೆ ಹೊರಡುತ್ತೀರಾ ಅಂತ ಒಂದು ಸಲ ಕೇಳಿ, ಮುದ್ರೆ ಒತ್ತಿದರು. ವೀಸಾ ಇದ್ದರೂ ಗಡಿಯಲ್ಲಿ ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಖರ್ಚಿಗೆ ಏನು, ಯಾವಾಗ ವಾಪಸ್ ಅಂತ ಕೇಳುವ ಹಕ್ಕು ಅವರಿಗೆ ಇದೆ. ಕೇಳಿದಾಗ ಗಾಬರಿಯಾಗದೆ ಕಾಗದ ತೋರಿಸಿದರೆ ಎರಡು ನಿಮಿಷದ ಕೆಲಸ.

ಅಕ್ಟೋಬರ್ 2ಕ್ಕೆ ಮಗು ಹುಟ್ಟಿತು. ಡಾಕ್ಟರ್ ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲು. ಅಮ್ಮ ಆಸ್ಪತ್ರೆಯಲ್ಲೇ ಇದ್ದಳು.

ಈಗ ಪರಿಸ್ಥಿತಿ ಸ್ವಲ್ಪ ಬೇರೆ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಎಂಟ್ರಿ ಎಕ್ಸಿಟ್ ಸಿಸ್ಟಮ್ ಶುರು ಮಾಡಿದರು, ಇಇಎಸ್ ಅಂತಾರೆ. ಪೂರ್ತಿ ಜಾರಿಗೆ ಇಟ್ಟ ಗಡುವು 2026ರ ಏಪ್ರಿಲ್ 10. ಮುದ್ರೆಯ ಬದಲು ಮುಖದ ಫೋಟೋ, ಬೆರಳಚ್ಚು, ಒಳಗೆ ಹೋದ ತಾರೀಖು, ಹೊರಗೆ ಬಂದ ತಾರೀಖು ಎಲ್ಲ ಕಂಪ್ಯೂಟರ್‌ನಲ್ಲಿ. ಮಸುಕು ಮುದ್ರೆಯ ಸಮಸ್ಯೆ ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಯಾರೋ ಎಣಿಸದೆ ಬಿಡಬಹುದು ಅನ್ನುವ ಮಾತೂ ಹೋಯಿತು. ಒಂದು ದಿನ ಹೆಚ್ಚಾದರೂ ಯಂತ್ರವೇ ಹೇಳುತ್ತದೆ. ನಮ್ಮ ಅತ್ತೆ ಮಾವ ಹೀಗೇ ಹೋಗಿ ಬಂದಿದ್ದರು, ಏನೂ ಆಗಲಿಲ್ಲ ಅನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು. ಆಗ ಆಗದೇ ಇದ್ದದ್ದು ಈಗ ಆಗುತ್ತದೆ.

ಅಪ್ಪ ಈಗ ನನ್ನನ್ನು ಕೇಳುವುದಿಲ್ಲ. ಒಂದು ವರ್ಷದ ವೀಸಾ ಸರಿಯಾಗಿ ಬಳಸಿದ್ದರಿಂದ ಮುಂದಿನ ಸಲ ಎರಡು ವರ್ಷದ್ದು ಸಿಕ್ಕಿದೆ. ಅವರ ಡೈರಿಯ ಕೊನೆಯ ಪುಟದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದಾರೆ. ಒಳಗೆ, ಹೊರಗೆ, ದಿನ. ಮೊದಲ ಸಾಲು 05-04-24, 23-06-24, 80. ಎರಡನೇ ಸಾಲು 24-09-24, 22-11-24, 60. ಆ 180ರ ಕಾಗದದ ಪಟ್ಟಿಯನ್ನೂ ಮಡಿಚಿ ಅದೇ ಪುಟದಲ್ಲಿ ಇಟ್ಟುಕೊಂಡಿದ್ದಾರೆ, ಮುಂದಿನ ಟಿಕೆಟ್ ತಾರೀಖು ಹೇಳುವ ಮೊದಲು ಅದನ್ನು ಬಿಚ್ಚಿ ಎಣಿಸುತ್ತಾರೆ.